ಪಾನಗೃಹದ ಹಲಗೆಯ ಮೇಲೆ ಪ್ರಭುಗಳು

ಇಂಗ್ಲಿಷ್ ಕಾದಂಬರಿಗಳನ್ನು ಓದುವ ನಮ್ಮವರಿಗೆ ಒಂದು ಸಂಗತಿ ವಿಚಿತ್ರವಾಗಿ ತೋರುವುದುಂಟು. ಕೂಲಿಕಾರರು, ಗಾಡಿ ಹೊಡೆಯುವವರು, ಸಣ್ಣ ಸಂಬಳದ ಗುಮಾಸ್ತರು ಸಂಜೆಯ ಹೊತ್ತು ಕಲೆತು ಬಿಯರು ಕುಡಿಯುವ ಜಾಗಕ್ಕೆ 'ಡ್ಯೂಕ್ ಆಫ್ ಯಾರ್ಕ್' ಎಂದೋ 'ಮಾರ್ಕ್ವಿಸ್ ಆಫ್ ಗ್ರ್ಯಾನ್‌ಬಿ' ಎಂದೋ ಹೆಸರಿರುತ್ತದೆ. ನಮ್ಮಲ್ಲಿ ಹೆಂಡದಂಗಡಿಯೊಂದಕ್ಕೆ ದಿವಾನರ ಹೆಸರನ್ನೋ ಪಾಳೆಯಗಾರರ ಬಿರುದನ್ನೋ ಇಟ್ಟರೆ ಊರು ಸುಮ್ಮನಿದ್ದೀತೆ? ಅಲ್ಲಿ ಅದು ಅವಮಾನವಲ್ಲ, ಮರ್ಯಾದೆ. ಈ ವ್ಯತ್ಯಾಸ ಅರ್ಥವಾಗಬೇಕಾದರೆ 'ಪಬ್' ಎಂಬ ಮಾತಿನಿಂದಲೇ ತೊಡಗಬೇಕು.

ಅದು 'ಪಬ್ಲಿಕ್ ಹೌಸ್' ಎಂಬುದರ ಮೊಟಕು ರೂಪ. ಎಲ್ಲರಿಗೂ ಬಾಗಿಲು ತೆರೆದ ಮನೆ ಎಂದರ್ಥ. ಮಾಲೀಕನ ಸಂಸಾರ ಮಹಡಿಯ ಮೇಲೆ, ಗಿರಾಕಿಗಳು ಕೆಳಗಿನ ಕೋಣೆಗಳಲ್ಲಿ. ಹಿಂದಿನ ಕಾಲದಲ್ಲಿ ಹರಾಜು ನಡೆಯುತ್ತಿದ್ದುದು ಅಲ್ಲಿ, ಚುನಾವಣೆಯ ಸಭೆ ಸೇರುತ್ತಿದ್ದುದು ಅಲ್ಲಿ. ಅಸಹಜವಾಗಿ ಸತ್ತವನ ಸಾವಿನ ವಿಚಾರಣೆಯೂ ಎಷ್ಟೋ ವೇಳೆ ಅಲ್ಲಿಯೇ ನಡೆಯುತ್ತಿತ್ತು. ಆದ್ದರಿಂದ ಅದು ನಮ್ಮ ಹೆಂಡದಂಗಡಿಗಿಂತ ಊರ ಚಾವಡಿಗೇ ಹೆಚ್ಚು ಹತ್ತಿರವಾದುದು. ಓದು ಬಾರದ ಜನರಿಗೆ ಮನೆಯ ಗುರುತು ಸಿಕ್ಕಬೇಕಾದರೆ ಚಿತ್ರ ಬೇಕು. ಏಲ್ ಮಾರುವವರು ಬಾಗಿಲ ಮುಂದೆ ಗುರುತು ತೂಗುಹಾಕಲೇಬೇಕೆಂದು ಎರಡನೆಯ ರಿಚರ್ಡನ ಕಾಲದಲ್ಲಿ, 1393ರಲ್ಲಿ, ಕಾನೂನೇ ಆಯಿತು. ಆ ಅರಸನ ಲಾಂಛನ ಬಿಳಿಯ ಗಂಡುಜಿಂಕೆ. 'ವೈಟ್ ಹಾರ್ಟ್' ಎಂಬ ಹೆಸರಿನ ಪಬ್‌ಗಳು ಇಂದಿಗೂ ಇಂಗ್ಲೆಂಡಿನ ಊರೂರಿನಲ್ಲಿವೆ.

ಅರಸನ ಲಾಂಛನ ಹಲಗೆ ಏರಿದ ಮೇಲೆ ಜಮೀನ್ದಾರ ಪ್ರಭುವಿನದು ಏರಲು ತಡವೇನು? ಹಲವು ಪಬ್‌ಗಳ ಹೆಸರಿನ ಕೊನೆಯಲ್ಲಿ ಬರುವ 'ಆರ್ಮ್ಸ್' ಎಂಬ ಮಾತಿಗೆ ತೋಳು ಎಂದಾಗಲಿ ಆಯುಧ ಎಂದಾಗಲಿ ಅರ್ಥ ಮಾಡಬಾರದು, ಅದು ವಂಶಲಾಂಛನ. ಚಾಲುಕ್ಯರ ವರಾಹವನ್ನೋ ಮೈಸೂರಿನ ಗಂಡಭೇರುಂಡವನ್ನೋ ನೆನೆದರೆ ಸಾಕು. ಡರ್ಬಿಶೈರ್ ಸೀಮೆಯಲ್ಲಿ 'ಡೆವನ್‌ಶೈರ್ ಆರ್ಮ್ಸ್' ಎಂಬ ಪಬ್‌ಗಳು ಹಲವು. ಡೆವನ್ ಸೀಮೆ ಇರುವುದು ನೈಋತ್ಯದ ಮೂಲೆಯಲ್ಲಿ, ಡರ್ಬಿಶೈರ್ ಇರುವುದು ನಡುನಾಡಿನಲ್ಲಿ. ಡೆವನ್‌ಶೈರಿನ ಡ್ಯೂಕರಾದ ಕ್ಯಾವೆಂಡಿಷ್ ಮನೆತನದ ಅರಮನೆ ಚಾಟ್ಸ್‌ವರ್ತ್ ಇರುವುದು ಡರ್ಬಿಶೈರಿನಲ್ಲಿ ಎಂಬುದನ್ನು ತಿಳಿಯದವನಿಗೆ ಈ ಹಲಗೆಗಳು ದಾರಿ ತಪ್ಪಿ ಬಂದಂತೆ ಕಂಡಾವು. ಬಿರುದಿನ ಊರೊಂದು, ಬದುಕಿನ ಊರೊಂದು. ಶಾಸನಗಳನ್ನು ಓದಿದವರಿಗೆ ಇದು ಹೊಸತಲ್ಲ.

ಪ್ರಭುಪದವಿಗಳಲ್ಲಿ ಐದು ಮೆಟ್ಟಿಲು: ಎಲ್ಲಕ್ಕೂ ಮೇಲೆ ಡ್ಯೂಕ್, ಬಳಿಕ ಮಾರ್ಕ್ವಿಸ್, ಅರ್ಲ್, ವೈಕೌಂಟ್, ಕಡೆಗೆ ಬ್ಯಾರನ್. ಇವುಗಳಲ್ಲಿ ಅರ್ಲ್ ಒಂದೇ ಹಳೆಯ ಇಂಗ್ಲಿಷಿನ ಸ್ವಂತ ಮಾತು; ಉಳಿದವು ಫ್ರೆಂಚಿನಿಂದ ಬಂದವು. ಅರ್ಲನ ಹೆಂಡತಿಗೆ ಮಾತ್ರ ಆ ಮಾತಿನಿಂದ ಸ್ತ್ರೀಲಿಂಗ ಹುಟ್ಟದೆ ಆಕೆ 'ಕೌಂಟೆಸ್' ಎಂದು ಫ್ರೆಂಚ್ ಹೆಸರನ್ನೇ ಹೊತ್ತಳು. ವ್ಯಾಕರಣಪ್ರಿಯರಿಗೆ ಇದೊಂದು ಸ್ವಾರಸ್ಯ.

ಪಬ್ಬಿನ ಪ್ರಭುಗಳಲ್ಲಿ ನನಗೆ ಎಲ್ಲರಿಗಿಂತ ಪ್ರಿಯನಾದವನು ಗ್ರ್ಯಾನ್‌ಬಿ. ಜಾನ್ ಮ್ಯಾನರ್ಸ್ ಆತನ ಹೆಸರು. 1721ರಲ್ಲಿ ಹುಟ್ಟಿದವನು, ರಟ್ಲೆಂಡಿನ ಡ್ಯೂಕನ ಹಿರಿಯ ಮಗ. ಡ್ಯೂಕನ ಉತ್ತರಾಧಿಕಾರಿ ತಂದೆ ಬದುಕಿರುವವರೆಗೆ ತಂದೆಯ ಎರಡನೆಯ ಬಿರುದನ್ನು ಗೌರವಕ್ಕಾಗಿ ಧರಿಸುವುದು ಅಲ್ಲಿನ ರೂಢಿ. ಹಾಗಾಗಿ ಈತ ಮಾರ್ಕ್ವಿಸ್ ಎನಿಸಿಕೊಂಡರೂ ಕಾಯಿದೆಯ ಕಣ್ಣಿಗೆ ಪ್ರಜೆಯೇ; ಹೌಸ್ ಆಫ್ ಕಾಮನ್ಸಿನಲ್ಲಿ ಕೂತವನು. 1760ರಲ್ಲಿ ಜರ್ಮನಿಯ ವಾರ್‌ಬುರ್ಗಿನ ಯುದ್ಧದಲ್ಲಿ ಅಶ್ವಸೇನೆಯ ಮುಂದೆ ನಿಂತು ನುಗ್ಗುವಾಗ ಟೋಪಿಯೂ ಕೃತಕ ಕೇಶವೂ ಹಾರಿಹೋಗಿ, ಬಿಸಿಲಿಗೆ ಹೊಳೆಯುವ ಬೋಳುತಲೆಯಲ್ಲಿಯೇ ಶತ್ರುವಿನ ಮೇಲೆ ಬಿದ್ದನಂತೆ. ಹಿಂದುಮುಂದು ನೋಡದೆ ನುಗ್ಗುವುದಕ್ಕೆ ಇಂಗ್ಲಿಷಿನಲ್ಲಿರುವ 'ಬೋಳುತಲೆ'ಯ ನುಡಿಗಟ್ಟು ಅಂದೇ ಹುಟ್ಟಿತೆನ್ನುವವರಿದ್ದಾರೆ. ಇಂಥ ಕಥೆ ಕಟ್ಟುವುದರಲ್ಲಿ ಅವರೇನೂ ನಮ್ಮ ಸ್ಥಳಪುರಾಣಕಾರರಿಗೆ ಕಡಿಮೆಯಲ್ಲ.

ಆದರೆ ಆತನ ಹೆಸರು ಹಲಗೆ ಏರಿದ್ದು ಬೋಳುತಲೆಯಿಂದಲ್ಲ, ಉದಾರವಾದ ಕೈಯಿಂದ. ಸೈನ್ಯದಿಂದ ಹೊರಬಿದ್ದ ಗಾಯಾಳುಗಳಿಗೆ, ದುಡಿದು ಸೋತ ದಫೇದಾರರಿಗೆ ಪಬ್ ಇಟ್ಟುಕೊಳ್ಳಲು ಆತ ಹಣ ಕೊಟ್ಟನೆಂದೂ ಅವರು ಋಣ ಮರೆಯದೆ ಆತನ ಹೆಸರಿಟ್ಟರೆಂದೂ ಪ್ರತೀತಿ. ಯುದ್ಧ ಮುಗಿದ ಮೇಲೆ ಸಿಪಾಯಿಯನ್ನು ಕೇಳುವವರಿಲ್ಲದ ಕಾಲ ಅದು; ಕುಂಟುಗಾಲಿನವನಿಗೆ ಭಿಕ್ಷೆಯೇ ಗತಿ. ಗ್ರ್ಯಾನ್‌ಬಿ 1770ರಲ್ಲಿ ಸ್ಕಾರ್‌ಬರೋ ಪಟ್ಟಣದಲ್ಲಿ ಸಾಲಗಾರನಾಗಿ ಸತ್ತನು. ಮುದಿ ತಂದೆ ಇನ್ನೂ ಒಂಬತ್ತು ವರ್ಷ ಬದುಕಿದ್ದುದರಿಂದ ಆತನಿಗೆ ಡ್ಯೂಕ್ ಪದವಿ ದಕ್ಕಲೇ ಇಲ್ಲ. ಡಿಕನ್ಸ್ 1836ರಲ್ಲಿ 'ಪಿಕ್ವಿಕ್ ಪೇಪರ್ಸ್' ಬರೆಯತೊಡಗಿದಾಗ, ಗಾಡಿ ಹೊಡೆಯುವ ಟೋನಿ ವೆಲ್ಲರನ ಹೆಂಡತಿ ಡಾರ್ಕಿಂಗ್ ಊರಿನಲ್ಲಿ ನಡೆಸುವ ಪಬ್ಬಿಗೆ 'ಮಾರ್ಕ್ವಿಸ್ ಆಫ್ ಗ್ರ್ಯಾನ್‌ಬಿ' ಎಂದೇ ಹೆಸರಿಟ್ಟನು. ಪಾನನಿರೋಧ ಸಾರುತ್ತ ರಮ್ ಹೀರುವ ಸ್ಟಿಗಿನ್ಸ್ ಎಂಬ ಧರ್ಮೋಪದೇಶಕ ಕುದುರೆಯ ನೀರಿನ ತೊಟ್ಟಿಯಲ್ಲಿ ಮುಳುಗೇಳುವುದು ಈ ಪಬ್ಬಿನ ಮುಂದೆಯೇ.

ಎಲ್ಲ ಹಲಗೆಗಳಿಗೂ ಇಂಥ ಆಯುಸ್ಸಿಲ್ಲ. 1747ರಲ್ಲಿ ಹೊರೇಸ್ ವಾಲ್‌ಪೋಲ್ ಹಳ್ಳಿಗಳ ದಾರಿಯಲ್ಲಿ ಸಾಗುತ್ತ ಒಂದು ವಿಷಯ ಗಮನಿಸಿ ಗೆಳೆಯನಿಗೆ ಕಾಗದ ಬರೆದನು. ಆರ್ಮಂಡಿನ ಡ್ಯೂಕನನ್ನು ಅಳಿಸಿ ಅಡ್ಮಿರಲ್ ವರ್ನನ್ ಹಲಗೆಗಳನ್ನು ಏರಿದ್ದನು. ಈಗ ವರ್ನನ್ನನ್ನೂ ಅಳಿಸಿ ಎಲ್ಲೆಲ್ಲಿಯೂ ಕಂಬರ್ಲೆಂಡಿನ ಡ್ಯೂಕನ ಮುಖ. ಹಿಂದಿನ ವರ್ಷವಷ್ಟೇ ಕಲೋಡನ್ ಯುದ್ಧದಲ್ಲಿ ಗೆದ್ದ ಈ ಡ್ಯೂಕನನ್ನು ಸ್ಕಾಟ್ಲೆಂಡಿನವರು ಕಟುಕನೆಂದೇ ಕರೆದರು. ಬಣ್ಣದ ಡಬ್ಬಿ, ಕುಂಚ ಇದ್ದರೆ ಕೀರ್ತಿಯ ವರ್ಗಾವಣೆಗೆ ಒಂದು ಮಧ್ಯಾಹ್ನ ಸಾಕು.

ವೆಲಿಂಗ್‌ಟನ್ನಿನ ಡ್ಯೂಕನ ವಿಷಯ ಬೇರೆ. 1809ರಲ್ಲಿ ವೈಕೌಂಟ್ ಆದವನು 1812ರಲ್ಲಿ ಅರ್ಲ್, ಅದೇ ವರ್ಷ ಮಾರ್ಕ್ವಿಸ್, 1814ರಲ್ಲಿ ಡ್ಯೂಕ್ ಆಗಿ ಐದೇ ವರ್ಷಗಳಲ್ಲಿ ಮೆಟ್ಟಿಲುಗಳನ್ನೆಲ್ಲ ಹತ್ತಿದನು. 1815ರ ವಾಟರ್ಲೂ ಆತನನ್ನು ಹಲಗೆಗಳಿಗೆ ಏರಿಸಿತು. ಆತ ಪ್ರಧಾನಿಯಾಗಿದ್ದ 1830ರಲ್ಲಿ, ತೆರಿಗೆ ಕಟ್ಟುವ ಯಾರಾದರೂ ಎರಡು ಗಿನಿ ಕೊಟ್ಟು ಬಿಯರು ಮಾರಬಹುದೆಂಬ ಕಾನೂನು ಬಂದು, ಕೆಲವೇ ವರ್ಷಗಳಲ್ಲಿ ಹತ್ತಾರು ಸಾವಿರ ಹೊಸ ಮನೆಗಳು ತೆರೆದವು. ಈತನೇ ನಮ್ಮ ಆರ್ಥರ್ ವೆಲ್ಲೆಸ್ಲಿ. 1799ರ ಬಳಿಕ ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ವಾಸವಾಗಿದ್ದವನು. ಮರುವರ್ಷ ಧೋಂಡಿಯ ವಾಘನನ್ನು ಬೆನ್ನಟ್ಟಿ ಕೊಂದು, ಅವನ ಎಳೆಯ ಮಗನ ಪೋಷಣೆಯ ಭಾರವನ್ನು ತಾನೇ ಹೊತ್ತವನು.

ಕನ್ನಡನಾಡಿಗೆ ಇನ್ನೂ ನೇರವಾಗಿ ತಾಗುವ ಹಲಗೆ ಒಂದಿದೆ. ಸಾಹಿತ್ಯಾಸಕ್ತರಿಗೆ ವರ್ಜೀನಿಯಾ ವುಲ್ಫಳ ನೆರೆಹೊರೆಯೆಂದು ಪರಿಚಿತವಾದ ಲಂಡನ್ನಿನ ಬ್ಲೂಮ್ಸ್‌ಬರಿಯ ಮಾರ್ಚ್‌ಮಾಂಟ್ ಬೀದಿಯ ಪಬ್ಬೊಂದರ ಹೆಸರು 'ಮಾರ್ಕ್ವಿಸ್ ಕಾರ್ನ್‌ವಾಲಿಸ್'. 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾದಾಗ ಈತ ಅರ್ಲ್. ಮಾರ್ಕ್ವಿಸ್ ಆದದ್ದು 1792ರಲ್ಲಿ, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟೀಪುವಿನ ರಾಜ್ಯದ ಅರ್ಧವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯ ದಂಡವನ್ನೂ ಒಪ್ಪಿಸಿಕೊಂಡುದಕ್ಕಾಗಿ. ದಂಡದ ಹಣಕ್ಕೆ ಒತ್ತೆಯಾಗಿ ಸುಲ್ತಾನನ ಇಬ್ಬರು ಪುಟ್ಟ ಮಕ್ಕಳು ಆತನ ಡೇರೆಗೆ ಬಂದರು. ಆ ದೃಶ್ಯವನ್ನು ರಾಬರ್ಟ್ ಹೋಮ್, ಮ್ಯಾದರ್ ಬ್ರೌನ್ ಮೊದಲಾದವರು ಚಿತ್ರಿಸಿದರು. ಮಕ್ಕಳ ಕೈಹಿಡಿದು ಬರಮಾಡಿಕೊಳ್ಳುವ ಕರುಣಾಳು ಪ್ರಭುವನ್ನು ಲಂಡನ್ನಿನ ಜನ ಕಂಡರು. ಮಕ್ಕಳನ್ನು ಕಳುಹಿಸಿಕೊಟ್ಟ ಮನೆಯನ್ನು ಚಿತ್ರಿಸಿದವರಿಲ್ಲ. ಮಕ್ಕಳು ಮದರಾಸಿನಿಂದ ಹಿಂದಿರುಗಿ ದೇವನಹಳ್ಳಿಯಲ್ಲಿ ತಂದೆಯನ್ನು ಸೇರಿದ್ದು 1794ರಲ್ಲಿ. ಕಾರ್ನ್‌ವಾಲಿಸ್ 1805ರಲ್ಲಿ ಗಾಜೀಪುರದಲ್ಲಿ ತೀರಿಕೊಂಡನು. ಆತನ ಮಗನಿಗೆ ಗಂಡುಸಂತಾನವಿಲ್ಲದೆ 1823ರಲ್ಲಿ ಮಾರ್ಕ್ವಿಸ್ ಪದವಿಯೇ ಅಳಿಯಿತು. ಆ ಬಳಿಕ ಅದನ್ನು ಧರಿಸಿರುವುದು ಪಬ್ಬಿನ ಹಲಗೆ ಮಾತ್ರ.