ವಕೀಲರ ಫೀಸು ಸರ್ಕಾರ ಕೊಡುತ್ತದೆ, ಕೇಳುವವರು ಬೇಕು

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನು ನಮ್ಮವರು ಊರಿನಿಂದ ಬರುವಾಗಲೇ ಗಂಟುಮೂಟೆಯ ಜೊತೆಗೆ ಮುಂಬಯಿಗೆ ತಂದಿದ್ದಾರೆ. ಅದಕ್ಕೇ ಇರಬೇಕು, ವಡಾಲ, ಆಂಟಾಪ್ ಹಿಲ್, ಶಿವ್ಡಿ ಪರಿಸರದ ತುಳು-ಕನ್ನಡಿಗರ ಮನೆಗೆ ಪೊಲೀಸ್ ಠಾಣೆಯಿಂದಲೋ ಕೋರ್ಟಿನಿಂದಲೋ ಒಂದು ಕಾಗದ ಬಂತೆಂದರೆ ಮೊದಲ ಫೋನ್ ಹೋಗುವುದು ವಕೀಲರಿಗಲ್ಲ, ಸಂಘದ ಕಾರ್ಯದರ್ಶಿಗೆ. ಕಾರ್ಯದರ್ಶಿಗಳು ತಮ್ಮ ಪರಿಚಯದ ಹೋಟೆಲ್ ಮಾಲೀಕರಿಗೆ ಹೇಳುತ್ತಾರೆ, ಮಾಲೀಕರು ತಮ್ಮ ವಕೀಲರಿಗೆ ಹೇಳುತ್ತಾರೆ. ವಕೀಲರು ಫೀಸು ಹೇಳಿದ ಕೂಡಲೇ ಮಾತು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಚಂದಾ ಎತ್ತುವುದು, ಇಲ್ಲವೇ ಆದದ್ದಾಗಲಿ ಎಂದು ಸುಮ್ಮನಿರುವುದು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ, ಅದನ್ನು ಕಾನೂನೇ ಹಾಕಿಕೊಟ್ಟಿದೆ ಎಂಬುದು ನಮ್ಮ ಸಂಘ-ಸಂಸ್ಥೆಗಳ ಪದಾಧಿಕಾರಿಗಳಲ್ಲೂ ಎಷ್ಟೋ ಮಂದಿಗೆ ತಿಳಿದಿಲ್ಲ.

1976ರ 42ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಬಡತನದ ಕಾರಣಕ್ಕೆ ಯಾರೂ ನ್ಯಾಯದಿಂದ ವಂಚಿತರಾಗಬಾರದು ಎಂಬುದು ಅದರ ಸಾರ. 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಆಯಿತು. ಆದರೆ ಅದು ಜಾರಿಗೆ ಬಂದದ್ದು 1995ರ ನವೆಂಬರ್ 9ರಂದು. ಕಾಯ್ದೆ ಮಾಡಿ ಎಂಟು ವರ್ಷ ಕಪಾಟಿನಲ್ಲಿ ಇಟ್ಟಿದ್ದರು ಎನ್ನಬೇಕು! ದೆಹಲಿಯಲ್ಲಿ ರಾಷ್ಟ್ರೀಯ ಪ್ರಾಧಿಕಾರ, ಪ್ರತಿ ರಾಜ್ಯದಲ್ಲಿ ರಾಜ್ಯ ಪ್ರಾಧಿಕಾರ, ಅದರ ಕೆಳಗೆ ಜಿಲ್ಲಾ ಪ್ರಾಧಿಕಾರ, ತಾಲೂಕು ಸಮಿತಿ, ಹೈಕೋರ್ಟು ಮತ್ತು ಸುಪ್ರೀಂ ಕೋರ್ಟುಗಳಿಗೆ ಅವುಗಳದೇ ಸಮಿತಿಗಳು, ಹೀಗೆ ವ್ಯವಸ್ಥೆ ಇದೆ. ಪ್ರತಿ ಪ್ರಾಧಿಕಾರದ ಬಳಿ ವಕೀಲರ ಒಂದು ಪಟ್ಟಿ ಇರುತ್ತದೆ. ಅರ್ಜಿ ಬಂದಾಗ ಪಟ್ಟಿಯಿಂದ ಒಬ್ಬರನ್ನು ನೇಮಿಸುತ್ತಾರೆ. ಅವರ ಫೀಸು ಮಾತ್ರವಲ್ಲ, ಕೋರ್ಟ್ ಶುಲ್ಕ, ಟೈಪಿಂಗ್, ಭಾಷಾಂತರ, ತೀರ್ಪಿನ ಪ್ರತಿ, ಇವುಗಳ ಖರ್ಚೂ ಪ್ರಾಧಿಕಾರದ್ದೇ.

ಯಾರಿಗೆ ಸಿಗುತ್ತದೆ? ಇಲ್ಲಿಯೇ ನಮ್ಮವರು ತಪ್ಪು ತಿಳಿದಿರುವುದು. ರೇಷನ್ ಕಾರ್ಡಿನ ಬಣ್ಣ ನೋಡಿ ಕೊಡುವ ಸವಲತ್ತು ಇದಲ್ಲ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಪ್ರಶ್ನೆಯೇ ಇಲ್ಲ. ಗಂಡ ಹೋಟೆಲ್ ಮಾಲೀಕನಾಗಿದ್ದರೂ ಹೆಂಡತಿ ಅರ್ಜಿ ಹಾಕಬಹುದು. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನೆರೆ ಭೂಕಂಪಗಳಂಥ ವಿಪತ್ತಿಗೆ ಸಿಕ್ಕವರು, ಇವರಿಗೂ ಆದಾಯದ ಮಿತಿ ಇಲ್ಲ. ಪೊಲೀಸ್ ವಶದಲ್ಲಿ ಅಥವಾ ಜೈಲಿನಲ್ಲಿ ಇರುವ ಯಾರೇ ಆಗಲಿ, ಅವರೂ ಅರ್ಹರು. ಉಳಿದವರಿಗೆ ಮಹಾರಾಷ್ಟ್ರದಲ್ಲಿ ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರಿರಬಾರದು. ಆದಾಯದ ದಾಖಲೆ ತರಲು ಆಗದ ಕ್ಯಾಂಟೀನ್ ಹುಡುಗನಿಗೆ ಕಾಯ್ದೆಯ 13ನೇ ಕಲಮಿನಲ್ಲಿ ಒಂದು ಅನುಕೂಲವಿದೆ. ಆದಾಯದ ಬಗ್ಗೆ ಆತನೇ ಮಾಡಿಕೊಟ್ಟ ಪ್ರಮಾಣಪತ್ರವನ್ನು ಸಾಕೆಂದು ಒಪ್ಪಬಹುದು. ಆದರೆ ಮೇಲ್ನೋಟಕ್ಕೆ ಪ್ರಕರಣದಲ್ಲಿ ಹುರುಳಿದೆ ಎಂದು ಪ್ರಾಧಿಕಾರಕ್ಕೆ ಅನಿಸಬೇಕು. ನೆರೆಮನೆಯವರ ಮೇಲಿನ ಹಠಕ್ಕೆ ಸರ್ಕಾರದ ವಕೀಲ ಸಿಗುವುದಿಲ್ಲ, ಸಿಗಬಾರದು ಕೂಡ.

ವಡಾಲದಲ್ಲೇ ನೆಲೆಸಿರುವ, ಇಂಥ ಪಟ್ಟಿಯಲ್ಲಿರುವ ನಮ್ಮ ಊರಿನ ಕಡೆಯ ವಕೀಲೆಯೊಬ್ಬರನ್ನು ಈ ಬಗ್ಗೆ ಮಾತನಾಡಿಸಿದೆ. ಹೆಸರು ಹಾಕುವುದು ಬೇಡವೆಂದರು. ನೇಮಕದ ಪತ್ರ ಕೈಗೆ ಬಂದ ಮೇಲೆ ಅವರ ಮೊದಲ ಕೆಲಸ ಕಕ್ಷಿದಾರನನ್ನು ಹುಡುಕುವುದು. ಆತ ಆರ್ಥರ್ ರೋಡ್ ಜೈಲಿನಲ್ಲಿ ಇರಬಹುದು, ಹೆಂಗಸಾದರೆ ಭಾಯಖಲಾದಲ್ಲಿ. ವಕಾಲತ್ತಿಗೆ ಸಹಿ ಆಗಬೇಕು, ಚಾರ್ಜ್‌ಶೀಟಿನ ಪ್ರತಿ ಸಿಗಬೇಕು, ಆಮೇಲೆ ಜಾಮೀನಿನ ಅರ್ಜಿ. ಪೊಲೀಸರು 60 ದಿನದೊಳಗೆ, ದೊಡ್ಡ ಅಪರಾಧವಾದರೆ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಆರೋಪಿಯ ಹಕ್ಕು. ಆದರೆ ಆ ದಿನವನ್ನು ಎಣಿಸಿಟ್ಟು ಅರ್ಜಿ ಹಾಕುವವರು ಬೇಕು. ಚಾರ್ಜ್‌ಶೀಟ್ ಬಂದ ಮೇಲೆ ಹಾಕಿದ ಅರ್ಜಿಗೆ ಆ ಹಕ್ಕು ಉಳಿಯುವುದಿಲ್ಲ. ಉಚಿತ ವಕೀಲರ ಕೆಲಸದ ಅರ್ಧ ಭಾಗ ಹೀಗೆ ಕ್ಯಾಲೆಂಡರ್ ನೋಡುವುದರಲ್ಲೇ ಇದೆ ಎಂಬುದು ಅವರ ಅಭಿಪ್ರಾಯ. ಬ್ಯಾಂಕಿನಲ್ಲಿ ಫಿಕ್ಸೆಡ್ ಡೆಪಾಸಿಟ್ಟಿನ ಮುಕ್ತಾಯದ ದಿನಾಂಕ ನೋಡುತ್ತಾ ಆಯುಷ್ಯ ಕಳೆದ ನನಗೆ ಈ ಮಾತು ಬೇಗ ಅರ್ಥವಾಯಿತು.

ಕಕ್ಷಿದಾರರ ಕಡೆಯವರು ಕೇಳುವ ಮೊದಲ ಪ್ರಶ್ನೆ ನೀವು ನಿಜವಾದ ವಕೀಲರೇ ಎಂದು. ಎರಡನೆಯದು, ಸ್ವಲ್ಪ ದುಡ್ಡು ಕೊಟ್ಟರೆ ಚೆನ್ನಾಗಿ ನಡೆಸುತ್ತೀರಾ ಎಂದು. ಎರಡಕ್ಕೂ ಉತ್ತರ ಕೊಟ್ಟು ಸಾಕಾಗಿದೆಯಂತೆ. ನಿಯಮದ ಪ್ರಕಾರ ಪಟ್ಟಿಯ ವಕೀಲರು ಕಕ್ಷಿದಾರರಿಂದ ಒಂದು ಪೈಸೆಯನ್ನೂ ಪಡೆಯುವಂತಿಲ್ಲ, ಕೇಳಿದರೆ ದೂರು ಕೊಡಬಹುದು. ಬಿಟ್ಟಿ ವಕೀಲ ಬಿಟ್ಟಿಯಾಗಿಯೇ ವಾದಿಸುತ್ತಾನೆ ಎಂಬ ಸಂಶಯ ಪೂರಾ ಸುಳ್ಳೆಂದು ನಾನೂ ಹೇಳಲಾರೆ. ಪ್ರಾಧಿಕಾರ ಕೊಡುವ ಫೀಸು ಖಾಸಗಿ ಫೀಸಿನ ಹತ್ತಿರಕ್ಕೂ ಬರುವುದಿಲ್ಲ, ಬರುವುದು ಬಿಲ್ಲು ಹಾಕಿದ ಮೇಲೆ. ಒಬ್ಬರೇ ವಕೀಲರು ಬೆಳಿಗ್ಗೆ ಖಾಸಗಿ ಕೇಸು, ಮಧ್ಯಾಹ್ನ ಉಚಿತ ಕೇಸು ನೋಡಿಕೊಂಡರೆ ಯಾವುದು ಹಿಂದೆ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ. ಇದನ್ನು ಮನಗಂಡೇ ರಾಷ್ಟ್ರೀಯ ಪ್ರಾಧಿಕಾರವು 2022ರಲ್ಲಿ ಹೊಸ ಯೋಜನೆಯೊಂದನ್ನು ತಂದಿತು. ಕ್ರಿಮಿನಲ್ ಪ್ರಕರಣಗಳಿಗೆಂದೇ ತಿಂಗಳ ವೇತನದ ಮೇಲೆ ಪೂರ್ಣಕಾಲಿಕ ವಕೀಲರು. ಅವರು ಖಾಸಗಿ ಕೇಸು ಹಿಡಿಯುವಂತಿಲ್ಲ. ಸರ್ಕಾರದ ಪರ ಪಬ್ಲಿಕ್ ಪ್ರಾಸಿಕ್ಯೂಟರ್ ಇರುವಾಗ ಆರೋಪಿಯ ಪರವೂ ಕಚೇರಿ ಇಟ್ಟುಕೊಂಡ ವಕೀಲರು ಇರಬೇಕೆಂಬುದು ನ್ಯಾಯವೇ ಸರಿ.

ಉಚಿತ ಕಾನೂನು ನೆರವಿನ ಕಥೆಯಲ್ಲಿ ನಮ್ಮ ಮುಂಬಯಿಯ ಪಾಲು ದೊಡ್ಡದು. 1924ರಲ್ಲೇ ಇಲ್ಲಿ ಬಾಂಬೆ ಲೀಗಲ್ ಏಡ್ ಸೊಸೈಟಿ ಹುಟ್ಟಿತ್ತು. 1949ರಲ್ಲಿ ಮುಂಬಯಿ ಸರ್ಕಾರ ನ್ಯಾ. ಎನ್.ಎಚ್. ಭಗವತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಮುಂದೆ ಇಡೀ ದೇಶಕ್ಕೆ ಈ ವಿಷಯ ಮುಟ್ಟಿಸಿದ ನ್ಯಾ. ಪಿ.ಎನ್. ಭಗವತಿಯವರು ಇವರ ಮಗ.

ಎಲ್ಲಕ್ಕಿಂತ ಕುತೂಹಲದ್ದು 1978ರ ಹೊಸ್ಕೋಟ್ ಪ್ರಕರಣ. ಕಾನೂನು ಕಾಲೇಜಿನ ಮಕ್ಕಳೆಲ್ಲ ಓದುವ ಈ ಕೇಸಿಗೆ ಕನ್ನಡ ನಾಡಿನ ನಂಟಿದೆ ಎಂಬುದು ಗಮನಾರ್ಹ. ನಂಟು ಅಭಿಮಾನ ಪಡುವಂಥದ್ದಲ್ಲ ಎನ್ನಿ. ಪಿಎಚ್‌ಡಿ ಮಾಡಿದ್ದ ಪ್ರಾಧ್ಯಾಪಕರೊಬ್ಬರು ಮುಂಬಯಿಯ ಬ್ಲಾಕ್ ಮಾಡುವವನೊಬ್ಬನಿಂದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮೊಹರು ಮಾಡಿಸಲು ಹೋಗಿ ಸಿಕ್ಕಿಬಿದ್ದರು. ಸೆಷನ್ಸ್ ಕೋರ್ಟು ಅಪರಾಧಿ ಎಂದು ಹೇಳಿ, ಕಲಾಪ ಮುಗಿಯುವವರೆಗೆ ಕೂರಿಸಿ ಬಿಡುವಷ್ಟು ಲಘು ಶಿಕ್ಷೆ ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋದಾಗ 1973ರಲ್ಲಿ ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು. ಆ ತೀರ್ಪಿನ ಪ್ರತಿ ಜೈಲಿಗೆ ಹೋಗಿತ್ತು, ಆದರೆ ಕೈದಿಯ ಕೈ ಸೇರಿರಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಸುಪ್ರೀಂ ಕೋರ್ಟಿಗೆ ಅರ್ಜಿ ಬಂದಾಗ ಆತ ಶಿಕ್ಷೆಯನ್ನು ಅನುಭವಿಸಿ ಆಗಿತ್ತು. ನ್ಯಾ. ಕೃಷ್ಣ ಅಯ್ಯರ್ ಅವರಿದ್ದ ಪೀಠ ಅರ್ಜಿಯನ್ನು ವಜಾ ಮಾಡಿತು. ಆದರೆ ಅದೇ ತೀರ್ಪಿನಲ್ಲಿ, ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಮತ್ತು ಬೇಗ ಕೊಡಬೇಕು, ವಕೀಲರನ್ನು ಇಟ್ಟುಕೊಳ್ಳಲಾಗದ ಕೈದಿಗೆ ರಾಜ್ಯದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು, ಇದು ದಯೆಯಲ್ಲ ಹಕ್ಕು ಎಂದು ಬರೆದಿಟ್ಟಿತು. ಕಳ್ಳ ಮೊಹರು ಮಾಡಿಸಲು ಹೋದವನ ಕೇಸು ದೇಶದ ಬಡ ಕೈದಿಗಳಿಗೆಲ್ಲ ವಕೀಲರನ್ನು ತಂದುಕೊಟ್ಟಿತು.

1983ರಲ್ಲಿ ಪತ್ರಕರ್ತೆ ಶೀಲಾ ಬರ್ಸೆಯವರು ಮುಂಬಯಿ ಜೈಲಿನ ಮಹಿಳಾ ಕೈದಿಗಳನ್ನು ಕಂಡು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. ಯಾರನ್ನಾದರೂ ಬಂಧಿಸಿದ ಕೂಡಲೇ ಪೊಲೀಸರು ಹತ್ತಿರದ ಕಾನೂನು ನೆರವು ಸಮಿತಿಗೆ ತಿಳಿಸಬೇಕೆಂಬ ಆದೇಶ ಅದರಿಂದ ಬಂತು. 2009ರ ಮಾರ್ಚ್ 30ರಂದು 26/11 ದಾಳಿಯ ಕಸಬ್ ಪರವಾಗಿ ವಾದಿಸಲು ಕಾನೂನು ನೆರವು ಪಟ್ಟಿಯಿಂದ ಅಂಜಲಿ ವಾಘ್ಮಾರೆಯವರನ್ನು ವಿಶೇಷ ನ್ಯಾಯಾಲಯ ನೇಮಿಸಿದಾಗ, ಅದೇ ರಾತ್ರಿ ವರ್ಲಿಯ ಅವರ ಮನೆಯ ಮುಂದೆ ಗುಂಪು ಸೇರಿ ಕಲ್ಲು ತೂರಿತು. ಬೇರೊಂದು ಕಾರಣಕ್ಕೆ ಅವರನ್ನು ಬಿಡಿಸಿ ಅಬ್ಬಾಸ್ ಕಾಜ್ಮಿಯವರನ್ನು ನೇಮಿಸಲಾಯಿತು. ನಮಗೆಲ್ಲ ಆಗ ಸಿಟ್ಟು ಇತ್ತು, ಸುಳ್ಳು ಹೇಳಬಾರದು. ಆದರೆ ಅದೇ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮಾತು ಇಂದು ಆಂಟಾಪ್ ಹಿಲ್‌ನ ಹುಡುಗನಿಗೂ ಅನ್ವಯಿಸುತ್ತದೆ. ಬಂಧಿತನನ್ನು ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ತಂದಾಗಲೇ ನಿನಗೆ ವಕೀಲರನ್ನು ಪಡೆಯುವ ಹಕ್ಕಿದೆ, ಹಣವಿಲ್ಲದಿದ್ದರೆ ಸರ್ಕಾರ ಕೊಡುತ್ತದೆ ಎಂದು ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ.

ಜಾಮೀನು ಮಂಜೂರಾದ ಮೇಲೂ ನಮ್ಮವರು ಒಳಗೇ ಉಳಿಯುವುದುಂಟು. ಕಾರಣ ಜಾಮೀನುದಾರ. ಹೋಟೆಲಿನಲ್ಲೇ ಮಲಗುವ ಹುಡುಗನಿಗೆ ಮುಂಬಯಿಯಲ್ಲಿ ಆಸ್ತಿ ಇರುವ ಬಂಧು ಎಲ್ಲಿಂದ ಬರಬೇಕು? ಅಣ್ಣ ಕುಂದಾಪುರದಿಂದ ಪಹಣಿ ಪತ್ರ ಹಿಡಿದು ಬಂದರೆ, ಊರು ಬೇರೆ, ನಡೆಯುವುದಿಲ್ಲ ಎಂದು ಕೆಳಗಿನ ಹಂತದಲ್ಲೇ ತಿರುಗಿ ಕಳಿಸುವವರಿದ್ದಾರೆ. 1978ರ ಮೋತಿರಾಮ್ ಪ್ರಕರಣದಲ್ಲಿ ಹೀಗೆಯೇ ಮೇಸ್ತ್ರಿಯೊಬ್ಬನ ಸಹೋದರನ ಜಾಮೀನನ್ನು ಬೇರೆ ಜಿಲ್ಲೆಯವನೆಂದು ನಿರಾಕರಿಸಲಾಗಿತ್ತು. ಅದು ತಪ್ಪು ಎಂದು ನ್ಯಾ. ಕೃಷ್ಣ ಅಯ್ಯರ್ ಸ್ಪಷ್ಟವಾಗಿ ಹೇಳಿದ್ದಾರೆ. ಹೊರನಾಡ ಕನ್ನಡಿಗರು ನೆನಪಿಡಬೇಕಾದ ಕೇಸು ಇದು. ಕೆಲವು ದಿನದ ಮಟ್ಟಿಗೆ ನಗದು ಜಾಮೀನಿನ ಮೇಲೆ ಬಿಡಿ ಎಂದೂ ವಕೀಲರು ಕೇಳಬಹುದು. ಹಣವೇ ಇಲ್ಲದ ಬಡ ಕೈದಿಗಳಿಗೆ ಕೇಂದ್ರ ಸರ್ಕಾರದ 2023ರ ಯೋಜನೆಯಲ್ಲಿ ಜಾಮೀನಿಗಾಗಿ ನೆರವಿದೆ.

ಲೋಕ ಅದಾಲತ್ ಬಗ್ಗೆಯೂ ಒಂದು ಮಾತು. ಬ್ಯಾಂಕಿನ ವಸೂಲಾತಿ ಕಡತಗಳನ್ನು ಹೊತ್ತು ನಾನು ಅಲ್ಲಿ ಮೇಜಿನ ಈಚೆ ಕುಳಿತವನು. ನಮ್ಮ ಪಕ್ಕದಲ್ಲಿ ಬ್ಯಾಂಕಿನ ವಕೀಲರು, ಎದುರಿಗೆ ಸಾಲಗಾರ ಒಬ್ಬನೇ. ಆತನೂ ಉಚಿತ ವಕೀಲರನ್ನು ಕೇಳಬಹುದಿತ್ತು, ಕೇಳಿದವರನ್ನು ನಾನು ಕಂಡಿಲ್ಲ. ಅಲ್ಲಿ ಖರ್ಚಿಲ್ಲ, ಕೋರ್ಟಿನಲ್ಲಿ ಕಟ್ಟಿದ ಶುಲ್ಕವೂ ವಾಪಸ್ಸು ಬರುತ್ತದೆ, ಒಳ್ಳೆಯದೇ. ಆದರೆ ಸಹಿ ಹಾಕಿದ ಮೇಲೆ ಅದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಊಟದ ಹೊತ್ತಾಯಿತೆಂದು ಅವಸರದಲ್ಲಿ ಒಪ್ಪಿಕೊಳ್ಳುವ ಜಾಗ ಅದಲ್ಲ.

ಸಂಘಗಳು ಏನು ಮಾಡಬಹುದು? ದೊಡ್ಡ ಕಾರ್ಯಕ್ರಮ, ಶಾಲು ಹಾರ ಯಾವುದೂ ಬೇಕಿಲ್ಲ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಬಹುದು. ಇಲ್ಲಿನ ಕೋರ್ಟುಗಳಲ್ಲಿ ಮರಾಠಿ, ಇಂಗ್ಲಿಷ್ ನಡೆಯುತ್ತದೆ, ಊರಿನಿಂದ ಬಂದ ತಾಯಿಗೆ ಎರಡೂ ಬಾರದು. ವಕೀಲರ ಮುಂದೆ ಆಕೆಯ ಮಾತನ್ನು ತಿಳಿಸಿ ಹೇಳುವ ಒಬ್ಬರು ಜೊತೆಗೆ ಹೋದರೆ ಸಾಕು. ಪ್ರಾಧಿಕಾರಗಳು 2009ರ ಯೋಜನೆಯಡಿ ಕಾನೂನು ಸ್ವಯಂಸೇವಕರಿಗೆ ತರಬೇತಿ ಕೊಡುತ್ತವೆ. ಅದಕ್ಕೆ ವಕೀಲರಾಗಿರಬೇಕಿಲ್ಲ. ನಿವೃತ್ತ ಶಿಕ್ಷಕರು, ಬ್ಯಾಂಕಿನವರು ಸೇರಬಹುದು. ನಮ್ಮ ಯುವ ವಿಭಾಗದಿಂದ ಇಬ್ಬರು ಹೋದರೂ ವಡಾಲಕ್ಕೆ ಅನುಕೂಲ.

ಅರ್ಜಿಗೆ ಶುಲ್ಕವಿಲ್ಲ. ಗುರುತಿನ ಚೀಟಿ, ಕೇಸಿನ ಕಾಗದಗಳ ಪ್ರತಿ, ಅಗತ್ಯವಿದ್ದರೆ ಆದಾಯದ ಪ್ರಮಾಣಪತ್ರ ಇರಲಿ. ಬರೆಯಲು ಆಗದಿದ್ದರೆ ಬಾಯಲ್ಲಿ ಹೇಳಿದರೂ ಅಲ್ಲಿಯವರು ಬರೆದುಕೊಳ್ಳಬೇಕು. ವಡಾಲದಿಂದ ಹಾರ್ಬರ್ ಲೈನಿನ ಗಾಡಿ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದರೆ ಫೋರ್ಟಿನ ಸಿಟಿ ಸಿವಿಲ್ ಮತ್ತು ಸೆಷನ್ಸ್ ಕೋರ್ಟಿಗೆ ನಡೆದೇ ಹೋಗಬಹುದು, ಮುಂಬಯಿ ಜಿಲ್ಲಾ ಪ್ರಾಧಿಕಾರವನ್ನು ಅಲ್ಲಿ ವಿಚಾರಿಸಬೇಕು. ಜೈಲಿನಲ್ಲಿ ಇರುವವರು ಜೈಲಿನಿಂದಲೇ ಅರ್ಜಿ ಕಳಿಸಬಹುದು. ಹೋಗಲು ಬಿಡುವಿಲ್ಲದವರು ರಾಷ್ಟ್ರೀಯ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು.