ಐದು ವರ್ಷ ಬಿಟ್ಟು ಬಂದ ಪ್ರಸನ್ನ

ನಮ್ಮ ಗ್ಯಾಂಗಿನಲ್ಲಿ ಮೂಡಿಗೆರೆ ಕಡೆಯ ಒಬ್ಬ ಜಾವೆಲಿನ್ ಎಸೆಯುತ್ತಾನೆ. ಕಾಫಿ ತೋಟದಲ್ಲಿ ದೋಟಿ ಎಸೆದು, ಬೈಸಿಕೊಂಡೇ ಕಲಿತವನು. ಈಗ ಎರಡು ಸಬ್ಜೆಕ್ಟ್ ಬ್ಯಾಕ್ ಇವೆ. "ಮೊದ್ಲು ಡಿಗ್ರಿ ಮುಗ್ಸು, ಆಮೇಲೆ ಎಸಿ" ಅಂತ ಮನೆಯಿಂದ ಫೋನು. ಆಮೇಲೆ ಅಂದ್ರೆ ಆಗುತ್ತಾ? ಉತ್ತರ ಹುಡುಕುತ್ತಾ ನಮಗೆ ಇಬ್ಬರು ಸಿಕ್ಕರು.

ಮೊದಲನೆಯವರು ಇಂಗ್ಲೆಂಡಿನ ರೋಜರ್ ಬ್ಯಾನಿಸ್ಟರ್. 1954ರ ಮೇ 6ರಂದು ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡಿದರು. ನಾಲ್ಕು ನಿಮಿಷದ ಗಡಿ ದಾಟಿದ ಮೊದಲಿಗರು, ಆಗ ಮೆಡಿಕಲ್ ವಿದ್ಯಾರ್ಥಿ. ಅದೇ ವರ್ಷ ಓಟ ಬಿಟ್ಟರು, ಮುಂದೆ ನರರೋಗ ತಜ್ಞರಾದರು. ಟ್ರ್ಯಾಕಿಗೆ ವಾಪಸ್ ಬರಲಿಲ್ಲ.

ಎರಡನೆಯವರು ನಮ್ಮ ಕರ್ನಾಟಕದ ಇ.ಎ.ಎಸ್. ಪ್ರಸನ್ನ. 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಮೊದಲ ಟೆಸ್ಟ್ ಆಡಿದಾಗ ವಯಸ್ಸು 21. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ. ಆಗಲೇ ತಂದೆ ತೀರಿಕೊಂಡರು. ಪ್ರಸನ್ನ ಟೆಸ್ಟ್ ಕ್ರಿಕೆಟ್ ಬದಿಗಿಟ್ಟು ಮೈಸೂರಿನ ಎನ್‌ಐಇಯಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಆಮೇಲೆ ನೋಡಿ: 1967-68ರ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸದ 8 ಟೆಸ್ಟ್‌ಗಳಲ್ಲಿ 49 ವಿಕೆಟ್. ವಿದೇಶದಲ್ಲಿ ಭಾರತ ಮೊದಲ ಸಲ ಸರಣಿ ಗೆದ್ದಿದ್ದು ಆಗಲೇ, ನ್ಯೂಜಿಲೆಂಡಿನಲ್ಲಿ. ಕರ್ನಾಟಕ ಮೊದಲ ರಣಜಿ ಟ್ರೋಫಿ ಗೆದ್ದಿದ್ದೂ ಇವರ ನಾಯಕತ್ವದಲ್ಲಿ, 1973-74ರಲ್ಲಿ.

ಐದು ವರ್ಷ ಬಿಟ್ಟರೂ ಹೇಗೆ ಆಯ್ತು? ಆಫ್ ಸ್ಪಿನ್‌ಗೆ ಕಾಲಿನ ವೇಗಕ್ಕಿಂತ ಬೆರಳು, ತಲೆ ಮುಖ್ಯ. ಪ್ರಸನ್ನರ ಅಸ್ತ್ರ ಫ್ಲೈಟ್. ಮುಂದಕ್ಕೆ ಉರುಳುವಂತೆ ತಿರುಗಿಸಿದ ಚೆಂಡಿನ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಹೆಚ್ಚುತ್ತೆ, ಚೆಂಡು ಬೇಗ ಇಳಿಯುತ್ತೆ. ಹತ್ತಿರ ಬೀಳುತ್ತೆ ಅಂತ ಮುಂದೆ ಬಂದ ಬ್ಯಾಟ್ಸ್‌ಮನ್ ಮೋಸ ಹೋಗ್ತಾನೆ. ನಾವು ಪರೀಕ್ಷೆಗೆ ಉರು ಹೊಡೆಯುವ ಮ್ಯಾಗ್ನಸ್ ಎಫೆಕ್ಟ್ ಇದೇ.

ಹಾಗಂತ ಆ ಐದು ವರ್ಷ ಪುಕ್ಕಟೆ ಅಲ್ಲ. 49 ಟೆಸ್ಟ್‌ಗಳಲ್ಲಿ 189 ವಿಕೆಟ್ ತೆಗೆದವರು ಆ ಐದು ವರ್ಷದಲ್ಲಿ ಇನ್ನೆಷ್ಟು ತೆಗೀತಿದ್ರು? ಡಿಗ್ರಿಗೆ ಅವರು ಕೊಟ್ಟ ಬೆಲೆ ಅದು.

ಜಾವೆಲಿನ್ ಕಥೆ? ನೀರಜ್ ಚೋಪ್ರಾ 90 ಮೀಟರ್ ದಾಟಿದ್ದು 2025ರಲ್ಲಿ, 27ನೇ ವಯಸ್ಸಿನಲ್ಲಿ. ಆದರೆ ಅವರು ನಡುವೆ ಜಾವೆಲಿನ್ ಕೈಬಿಟ್ಟಿರಲಿಲ್ಲ. ಹಾಗಾಗಿ ನಮ್ಮ ಗೆಳೆಯನಿಗೆ ನಾವು ಹೇಳಿದ್ದಿಷ್ಟು: ಈ ಸೆಮ್‌ನಲ್ಲಿ ಟೂರ್ನಮೆಂಟ್ ಬೇಕಾದ್ರೆ ಬಿಡು, ಪ್ರಾಕ್ಟೀಸ್ ಬಿಡಬೇಡ. ಬ್ಯಾಕ್ ಸಬ್ಜೆಕ್ಟ್ ಸಂಜೆ ನಾವು ಹೇಳಿಕೊಡ್ತೀವಿ. ಬೆಳಗ್ಗೆ ಆರಕ್ಕೆ ಮಂಜಿನಲ್ಲಿ ಜಾವೆಲಿನ್ ಹುಡುಕಿ ತರೋದೂ ನಮ್ಮ ಕೆಲಸ.