ಸಣ್ಣ ಅಕ್ಷರ, ದೂರದ ದಾರಿ

ಹವ್ಯಾಸಿ ರೇಡಿಯೋದಲ್ಲಿ ಕೀಬೋರ್ಡ್ ಹಿಡಿದು ಹರಟುವ ಹಳಬರು ಇಂಗ್ಲಿಷಿನ ದೊಡ್ಡಕ್ಷರಗಳ ಗೋಜಿಗೆ ಹೋಗುವುದು ಕಡಿಮೆ. ಅವರ ‘ಪಿಎಸ್‌ಕೆ31’ ಪದ್ಧತಿಯಲ್ಲಿ ಸಣ್ಣ ‘ಇ’ ಕಳಿಸಲು ಎರಡೇ ಬಿಟ್ ಸಾಕು, ದೊಡ್ಡ ‘ಇ’ಗೆ ಏಳು ಬೇಕು. ಪದಗಳ ನಡುವಿನ ಖಾಲಿ ಜಾಗಕ್ಕೆ ಒಂದೇ ಬಿಟ್. ಅಪರೂಪಕ್ಕೆ ಬರುವ ಸಣ್ಣ ‘ಝಡ್’ಗೆ ಒಂಬತ್ತು. ಅಕ್ಷರ ಮುಗಿಯಿತೆಂದು ತಿಳಿಸಲು ಎರಡು ಸೊನ್ನೆ. ಅಕ್ಷರದ ಒಳಗೆ ಎರಡು ಸೊನ್ನೆ ಎಂದೂ ಜೊತೆಯಾಗಿ ಬರುವುದಿಲ್ಲ. ಹೆಚ್ಚು ಬಳಕೆಯಾಗುವ ಅಕ್ಷರಕ್ಕೆ ಕಡಿಮೆ ಹೊತ್ತು ಎಂಬ ಈ ಉಪಾಯ ಮೋರ್ಸ್ ಸಂಕೇತದಲ್ಲೂ ಇದೆ. ಅಲ್ಲಿ ‘ಇ’ ಎಂದರೆ ಒಂದೇ ಚುಕ್ಕೆ.

ಈ ‘ವೇರಿಕೋಡ್’ ಕಟ್ಟಿದವರು ಬ್ರಿಟನ್ನಿನ ಪೀಟರ್ ಮಾರ್ಟಿನೆಜ್, ಕರೆಸಂಕೇತ ಜಿ3ಪಿಎಲ್‌ಎಕ್ಸ್. ಪೋಲೆಂಡಿನ ಹವ್ಯಾಸಿ ಪಾವೆಲ್ ಯಾಲೋಖಾ ಅವರ ಪ್ರಯೋಗವೊಂದನ್ನು ಬೆಳೆಸಿ ಅವರು ಪಿಎಸ್‌ಕೆ31 ರೂಪಿಸಿದರು. 1998ರ ಕೊನೆಯಲ್ಲಿ, ಕಂಪ್ಯೂಟರಿನ ಸೌಂಡ್ ಕಾರ್ಡ್ ಒಂದರಿಂದಲೇ ನಡೆಯುವ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಪ್ರತ್ಯೇಕ ಪೆಟ್ಟಿಗೆ ಕೊಳ್ಳುವ ಖರ್ಚು ತಪ್ಪಿತು. ರೇಡಿಯೋದಿಂದ ಕಂಪ್ಯೂಟರಿಗೆ ಒಂದೆರಡು ತಂತಿ ಎಳೆದರೆ ಮುಗಿಯಿತು.

ಸೆಕೆಂಡಿಗೆ 31.25 ಬಿಟ್, ಅಂದರೆ ನಿಮಿಷಕ್ಕೆ ಸುಮಾರು 50 ಪದ: ಕೈಬೆರಳು ಟೈಪಿಸುವಷ್ಟೇ ವೇಗ. ಅದಕ್ಕಿಂತ ಹೆಚ್ಚು ಬೇಕೆಂದು ಮಾರ್ಟಿನೆಜ್ ಆಸೆಪಡಲಿಲ್ಲ, ಹಾಗಾಗಿ ಸಂಕೇತ ಬಹಳ ಕಿರಿದಾಯಿತು. ಒಬ್ಬರ ಮಾತಿಗೆ ಬೇಕಾಗುವ ಜಾಗದಲ್ಲಿ ಹತ್ತಾರು ಜೋಡಿಗಳು ಬರೆದು ಮಾತಾಡಬಹುದು. ‘ವಾಟರ್‌ಫಾಲ್’ ಎಂಬ ಪರದೆಯ ಮೇಲೆ ಒಂದೊಂದು ಸಂಕೇತವೂ ತೆಳ್ಳನೆಯ ಗೆರೆಯಾಗಿ ಇಳಿಯುತ್ತದೆ. ಬೇಕಾದ ಗೆರೆಯ ಮೇಲೆ ಮೌಸ್ ಒತ್ತಿದರೆ ಅಕ್ಷರಗಳು ಒಂದೊಂದಾಗಿ ಮೂಡುತ್ತವೆ. ವಾತಾವರಣ ಕೂಡಿಬಂದರೆ ಕೆಲವೇ ವಾಟ್‌ಗಳಲ್ಲಿ ಸಾಗರದಾಚೆಯ ಊರು ಸಿಗುತ್ತದೆ. ಕನ್ನಡ ಲಿಪಿಗೆ ಮಾತ್ರ ವೇರಿಕೋಡ್ ಪಟ್ಟಿಯಲ್ಲಿ ಜಾಗವಿಲ್ಲ. ಕನ್ನಡಿಗರಿಬ್ಬರು ಸಿಕ್ಕರೆ ರೋಮನ್ ಅಕ್ಷರಗಳಲ್ಲೇ ಕನ್ನಡ ಬರೆಯಬೇಕು.

ಪಿಎಸ್‌ಕೆ31ಕ್ಕೂ ಎರಡು ದಶಕ ಮೊದಲೇ ಮಾರ್ಟಿನೆಜ್ ಹಡಗುಗಳ ಟೆಲೆಕ್ಸ್ ಪದ್ಧತಿಯನ್ನು ಹವ್ಯಾಸಿಗಳಿಗೆ ಒಗ್ಗಿಸಿ ‘ಆಮ್ಟರ್’ ಮಾಡಿದ್ದರು. ಮೂರು ಅಕ್ಷರ ಕಳಿಸುವುದು, ‘ಸರಿಯಾಗಿ ಬಂತು’ ಎಂಬ ಉತ್ತರಕ್ಕೆ ಕಾಯುವುದು, ಬಾರದಿದ್ದರೆ ಮತ್ತೆ ಅದೇ ಮೂರು. ಒಂದು ಸುತ್ತಿಗೆ 450 ಮಿಲಿಸೆಕೆಂಡ್. ಕೇಳುವ ಕಿವಿಗೆ ಜೀರುಂಡೆಯ ಚಿರ್ರ್ ಚಿರ್ರ್.

ಸಂದೇಶ ಕೂಡಿಡುವ ರೇಡಿಯೋ ಅಂಚೆಪೆಟ್ಟಿಗೆ ಬಂದದ್ದು ಇದರ ಬೆನ್ನಿಗೇ. ಅಮೆರಿಕದ ವಿಕ್ ಪೂರ್ 1980ರ ದಶಕದಲ್ಲಿ ಬರೆದ ‘ಎಪಿಲಿಂಕ್’, ದೂರದ ಆಮ್ಟರ್ ಸಂದೇಶಗಳನ್ನು ತುಂಡುಗಳಾಗಿ ಸಂದೇಶ ಕಳಿಸುವ ಹತ್ತಿರದ ‘ಪ್ಯಾಕೆಟ್ ರೇಡಿಯೋ’ ಪೆಟ್ಟಿಗೆಗಳಿಗೆ ದಾಟಿಸಿತು. ಎಪಿಲಿಂಕ್ ಮುಂದೆ ‘ವಿನ್‌ಲಿಂಕ್’ ಆಯಿತು. ಇಂದು ನಡುಗಡಲ ದೋಣಿಯಿಂದಲೂ ಅದರ ಮೂಲಕ ಇಮೇಲ್ ಹೋಗುತ್ತದೆ. ಹವ್ಯಾಸಿ ತರಂಗಗಳಲ್ಲಿ ವ್ಯಾಪಾರದ ಪತ್ರಕ್ಕೂ ಗುಟ್ಟಿನ ಲಿಪಿಗೂ ಅವಕಾಶವಿಲ್ಲ. ನೆರೆ, ಭೂಕಂಪದ ಹೊತ್ತಿಗೆ ಇಂಥ ಪೆಟ್ಟಿಗೆಯ ಬೆಲೆ ತಿಳಿಯುತ್ತದೆ: ಔಷಧಿಯ ಹೆಸರು, ಕಾಣೆಯಾದವರ ಪಟ್ಟಿ ಬಾಯಲ್ಲಿ ಹೇಳುವಾಗ ತಪ್ಪಬಹುದು, ಬರಹದಲ್ಲಿ ಇದ್ದಂತೆಯೇ ತಲುಪುತ್ತದೆ.

ಭಾರತದಲ್ಲಿ ಹನ್ನೆರಡು ತುಂಬಿದವರು ಪರೀಕ್ಷೆ ಬರೆದು ಪರವಾನಗಿ ಪಡೆಯಬಹುದು. ಹವ್ಯಾಸಿ ರೇಡಿಯೋಗೆ ಹಳೆಯ ನೆಲೆಯಾದ ಬೆಂಗಳೂರಿನಲ್ಲಿ ಕಲಿಸುವ ಕ್ಲಬ್ಬುಗಳೂ ಇವೆ. ಅಲ್ಲಿ ಮೈಕಿನ ಜೊತೆಗೆ ಕೀಬೋರ್ಡಿನ ಅಭ್ಯಾಸವೂ ಮಕ್ಕಳಿಗೆ ಆಗಬೇಕು.

ಈಗ ದಟ್ಟಣೆ ಇರುವುದು 2017ರಲ್ಲಿ ಬಂದ ಎಫ್‌ಟಿ8 ಎಂಬ ಪದ್ಧತಿಯಲ್ಲಿ. ನೊಬೆಲ್ ಪುರಸ್ಕೃತ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್ ರೂಪಿಸಿದ ಇದು ಕಿವಿಗೆ ನಿಲುಕದ ಸಂಕೇತವನ್ನೂ ಹೆಕ್ಕಿ ತೆಗೆಯುತ್ತದೆ. ಆದರೆ 15 ಸೆಕೆಂಡಿನ ಸರದಿಯಲ್ಲಿ ಕರೆಸಂಕೇತ, ಸ್ಥಳ, ಸಂಕೇತದ ಬಲ ಇಷ್ಟೇ ವಿನಿಮಯ. ಮನಸ್ಸಿಗೆ ಬಂದದ್ದನ್ನು ಬರೆಯಲು ಹೆಚ್ಚೆಂದರೆ 13 ಅಕ್ಷರ. ಅದು ಹೆಚ್ಚಾಗಿ ನಡೆಯುವುದು 14.074 ಮೆಗಾಹರ್ಟ್ಸ್‌ನಲ್ಲಿ, ಅದಕ್ಕಿಂತ ನಾಲ್ಕೇ ಕಿಲೋಹರ್ಟ್ಸ್ ಕೆಳಗೆ, 14.070ರಲ್ಲಿ, ಪಿಎಸ್‌ಕೆ31ರ ಹಳೆಯ ಜಾಗ. ನಿಮ್ಮೂರಲ್ಲಿ ಮಳೆ ಆಯಿತೇ, ಆಂಟೆನಾ ಯಾವ ಮರಕ್ಕೆ ಕಟ್ಟಿದ್ದೀರಿ ಎಂದು ನಿಧಾನವಾಗಿ ಕೇಳುವವರು ಅಲ್ಲಿ ಈಗಲೂ ಇದ್ದಾರೆ. ಉತ್ತರಿಸುವವರು ಮಾತ್ರ ಮೊದಲಿನಷ್ಟಿಲ್ಲ.